ನೋಡಲಿ, ಆದರೆ ನೋಡಲೆಂದಲ್ಲ: ದಿನನಿತ್ಯದ ಬದುಕಿನಲ್ಲಿ ಕ್ರೈಸ್ತ ಸಾಕ್ಷಿ

ಪ್ರಿಯ ಸಹೋದರ ಸಹೋದರಿಯರೇ, ನಮ್ಮ ವಿಶ್ವಾಸವು ದಿನನಿತ್ಯದ ಬದುಕಿನಲ್ಲಿ ಇತರರಿಗೆ ಹೇಗೆ ಕಾಣಬೇಕು ಎಂಬುದು ಇಂದು ಮಾತನಾಡಲು ನನಗೆ ಕೊಟ್ಟಿರುವ ವಿಷಯ. ಈ ವಿಷಯವನ್ನು ಕೈಗೆತ್ತಿಕೊಂಡವರು ಸಾಮಾನ್ಯವಾಗಿ ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದ 16ನೇ ವಚನಕ್ಕೆ ಹೋಗುತ್ತಾರೆ. ನಿಮ್ಮ ಬೆಳಕು ಜನರ ಮುಂದೆ ಪ್ರಕಾಶಿಸಲಿ, ಅವರು ನಿಮ್ಮ ಒಳ್ಳೆಯ ಕ್ರಿಯೆಗಳನ್ನು ನೋಡಿ ಪರಲೋಕದಲ್ಲಿರುವ ನಿಮ್ಮ ತಂದೆಯನ್ನು ಕೊಂಡಾಡಲಿ ಎಂದು ಕರ್ತನಾದ ಯೇಸು ಅಲ್ಲಿ ಹೇಳುತ್ತಾನೆ. ಆದರೆ ಅದೇ ಪರ್ವತ ಪ್ರಸಂಗದಲ್ಲಿ, 6ನೇ ಅಧ್ಯಾಯದ ಮೊದಲ ವಚನದಲ್ಲಿಯೇ, ಜನರು ನೋಡಲೆಂದು ನಿಮ್ಮ ಧರ್ಮಕಾರ್ಯಗಳನ್ನು ಅವರ ಮುಂದೆ ಮಾಡಬೇಡಿರಿ ಎಂಬ ಎಚ್ಚರಿಕೆಯೂ ಇದೆ. ದಾನ ಕೊಡುವಾಗ ಬಲಗೈ ಮಾಡಿದ್ದು ಎಡಗೈಗೂ ತಿಳಿಯಬಾರದು ಎನ್ನುವಷ್ಟು ಬಿಗಿಯಾದ ಎಚ್ಚರಿಕೆ ಅದು. ಒಂದು ಕಡೆ ನೋಡಲಿ ಎನ್ನುತ್ತಾನೆ, ಇನ್ನೊಂದು ಕಡೆ ನೋಡದಿರಲಿ ಎನ್ನುತ್ತಾನೆ. ಎರಡನ್ನೂ ಕೈಕೊಳ್ಳುವುದು ಹೇಗೆ?

ಉದ್ದೇಶ ಬೇರೆ ಬೇರೆ, ಆದ್ದರಿಂದ ವಿರೋಧವಿಲ್ಲ ಎಂಬ ಉತ್ತರವನ್ನು ನಾವೆಲ್ಲರೂ ಕೇಳಿದ್ದೇವೆ. ಒಂದರಲ್ಲಿ ಮಹಿಮೆ ತಂದೆಗೆ, ಇನ್ನೊಂದರಲ್ಲಿ ನಮಗೇ. ಆ ಉತ್ತರ ತಪ್ಪೇನಲ್ಲ. ಆದರೆ ತನ್ನ ಉದ್ದೇಶ ಶುದ್ಧವಾಗಿದೆ ಎಂದು ತನಗೆ ತಾನೇ ಹೇಳಿಕೊಳ್ಳುವುದು ಎಲ್ಲರಿಗೂ ಸುಲಭವಾದ್ದರಿಂದ, ಆ ಉತ್ತರದಿಂದ ನಮ್ಮ ನಡತೆ ಹೆಚ್ಚೇನೂ ತಿದ್ದಿಕೊಳ್ಳುವುದಿಲ್ಲ. ಆದ್ದರಿಂದ ಇನ್ನೊಂದು ಸಂಗತಿಯನ್ನು ಗಮನಿಸಬೇಕೆಂದು ನಾನು ಕೇಳಿಕೊಳ್ಳುತ್ತೇನೆ. ಮರೆಯಾಗಿರಲಿ ಎಂದು 6ನೇ ಅಧ್ಯಾಯದಲ್ಲಿ ಕರ್ತನು ಹೇಳಿದ್ದು ಮೂರು ವಿಷಯಗಳ ಕುರಿತು: ದಾನ, ಪ್ರಾರ್ಥನೆ, ಉಪವಾಸ. ಬೆಳಕಿನ ಮಾತು ಇರುವ 5ನೇ ಅಧ್ಯಾಯದಲ್ಲಾದರೋ ಆ ಮಾತಿಗೆ ಮೊದಲು ಸಾತ್ವಿಕರು, ಕರುಣೆಯುಳ್ಳವರು, ಸಮಾಧಾನಪಡಿಸುವವರು ಬರುತ್ತಾರೆ. ಅದಾದ ಮೇಲೆ ಸಿಟ್ಟು, ಮುನಿಸಿಕೊಂಡ ಸಹೋದರನೊಂದಿಗೆ ಸಂಧಾನ, ಪರಸ್ತ್ರೀಯನ್ನು ನೋಡುವ ಕಣ್ಣು, ಆಣೆಯಿಲ್ಲದೆ ನಿಲ್ಲುವ ಮಾತು, ವೈರಿಯ ಮೇಲಿನ ಪ್ರೀತಿ ಬರುತ್ತವೆ. ಅಂದರೆ ದೇವರಿಗೂ ನಮಗೂ ನಡುವೆ ಇರುವ ಭಕ್ತಿಯನ್ನು ಆದಷ್ಟು ಮರೆಯಲ್ಲಿಟ್ಟು, ಮನುಷ್ಯರೊಂದಿಗೆ ನಾವು ನಡೆದುಕೊಳ್ಳುವ ರೀತಿಯನ್ನು ಎಲ್ಲರ ಕಣ್ಣಿಗೂ ಬೀಳುವಂತೆ ಬಿಡಬೇಕು ಎಂಬುದೇ ಈ ಎರಡು ಮಾತುಗಳ ಒಟ್ಟು ಅರ್ಥ ಎಂದು ನನಗೆ ತೋರುತ್ತದೆ. ದಾನವು ಮನುಷ್ಯನಿಗೇ ಸಲ್ಲುವುದು ನಿಜ. ಆದರೆ ಅಲ್ಲಿಯೂ ಪಡೆಯುವವನಿಗೆ ಅದು ತಿಳಿದೇ ತಿಳಿಯುತ್ತದೆ. ನಿಷೇಧವಿರುವುದು ಬೀದಿಯಲ್ಲಿ ಊದುವ ತುತೂರಿಗೆ.

ಕ್ರೈಸ್ತರಾದ ನಾವು ಇದನ್ನು ತಲೆಕೆಳಗು ಮಾಡಿಕೊಂಡಿದ್ದೇವೆ ಎಂಬುದು ನನ್ನ ಆಕ್ಷೇಪ. ಮರೆಯಲ್ಲಿರಲಿ ಎಂದದ್ದನ್ನು ಪ್ರದರ್ಶನಕ್ಕಿಟ್ಟು, ಕಾಣಲಿ ಎಂದದ್ದನ್ನು ನಮ್ಮ ಖಾಸಗಿ ವಿಷಯ ಎಂದು ಮುಚ್ಚಿಕೊಂಡಿದ್ದೇವೆ. ವಾಹನದ ಗಾಜಿನ ಮೇಲೆ ವಚನವಿರುತ್ತದೆ, ಮೊಬೈಲಿನ ಸ್ಟೇಟಸ್‌ನಲ್ಲಿ ಉಪವಾಸ ಪ್ರಾರ್ಥನೆಯ ಚಿತ್ರವಿರುತ್ತದೆ, ಸಭೆಗೆ ಕೊಟ್ಟ ಕುರ್ಚಿಯ ಬೆನ್ನ ಮೇಲೆ ಕೊಟ್ಟವರ ಹೆಸರಿರುತ್ತದೆ. ಅದೇ ವ್ಯಕ್ತಿ ಕೈಕೆಳಗಿನವರಿಗೆ ಎಂಥ ಸ್ವರದಲ್ಲಿ ಮಾತನಾಡುತ್ತಾನೆ, ಸಾಲವನ್ನು ಯಾವಾಗ ತೀರಿಸುತ್ತಾನೆ, ಒಡಹುಟ್ಟಿದವರೊಂದಿಗೆ ಆಸ್ತಿ ಪಾಲು ಮಾಡುವಾಗ ಹೇಗೆ ವರ್ತಿಸುತ್ತಾನೆ ಎಂದು ಯಾರಾದರೂ ಕೇಳಿದರೆ, ಅದು ನಮ್ಮ ಮನೆಯ ವಿಚಾರ, ನಿಮಗೇಕೆ ಎಂಬ ಉತ್ತರ ಬರುತ್ತದೆ. ವಚನವನ್ನು ಗಾಜಿನ ಮೇಲೆ ಅಂಟಿಸಬಾರದೆಂದು ನಾನು ಹೇಳುತ್ತಿಲ್ಲ. ಅಂಟಿಸಿದ ಮೇಲೆ ವಾಹನವನ್ನು ಹೇಗೆ ಓಡಿಸುತ್ತೇವೆ ಎಂಬುದನ್ನೂ ಹಿಂದಿನಿಂದ ಬರುವವರು ನೋಡುತ್ತಾರೆ ಎಂದಷ್ಟೇ ಹೇಳುತ್ತಿದ್ದೇನೆ.

ಹಾಗಾದರೆ ಸಾಕ್ಷಿ ಎಲ್ಲಿ ನಡೆಯುತ್ತದೆ? ಪೌಲನು ಥೆಸಲೋನಿಕದವರಿಗೆ ಬರೆದ ಮೊದಲನೆಯ ಪತ್ರದ 4ನೇ ಅಧ್ಯಾಯವನ್ನು ನೋಡಿ. ಅದು ಹೊಸದಾಗಿ ಹುಟ್ಟಿದ, ಊರಿನವರ ವಿರೋಧವನ್ನು ಎದುರಿಸುತ್ತಿದ್ದ, ಕರ್ತನ ಬರೋಣವನ್ನು ಆತುರದಿಂದ ಎದುರುನೋಡುತ್ತಿದ್ದ ಸಭೆ. ಅಂಥವರಿಗೆ ಏನಾದರೊಂದು ಭಾರಿ ಕಾರ್ಯಕ್ರಮವನ್ನು ಸೂಚಿಸುತ್ತಾನೆಂದು ನಾವು ನಿರೀಕ್ಷಿಸುತ್ತೇವೆ. ಅವನು ಹೇಳಿದ್ದು ಮಾತ್ರ ಇಷ್ಟು: ಗದ್ದಲವಿಲ್ಲದೆ ಬಾಳಿರಿ, ನಿಮ್ಮ ನಿಮ್ಮ ಕೆಲಸವನ್ನು ನೋಡಿಕೊಳ್ಳಿರಿ, ಕೈಯಾರೆ ದುಡಿಯಿರಿ, ಹೀಗಿದ್ದರೆ ಹೊರಗಿನವರ ದೃಷ್ಟಿಯಲ್ಲಿ ನಿಮ್ಮ ನಡತೆ ಯೋಗ್ಯವಾಗಿರುವುದು. ಹೊರಗಿನವರು ಎಂಬ ಮಾತು ಅಲ್ಲಿ ಬಂದಿರುವುದನ್ನು ಗಮನಿಸಬೇಕು. ದುಡಿಮೆಯ ಬಗ್ಗೆ ಹೇಳುವಾಗಲೂ ಅದನ್ನು ಹೊರಗಿನವರು ನೋಡುತ್ತಾರೆ ಎಂಬ ಲೆಕ್ಕ ಪೌಲನಲ್ಲಿ ಇತ್ತು.

ಸ್ವತಃ ಪೌಲನೂ ದುಡಿಯುತ್ತಿದ್ದವನೇ. ಕೊರಿಂಥದಲ್ಲಿ ಅವನು ಅಕ್ವಿಲ ಮತ್ತು ಪ್ರಿಸ್ಕಿಲ್ಲರ ಮನೆಯಲ್ಲಿ ಉಳಿದುಕೊಂಡು ಅವರೊಂದಿಗೆ ಗುಡಾರ ಮಾಡುವ ಕೆಲಸದಲ್ಲಿ ತೊಡಗಿದ್ದನೆಂದು ಅಪೊಸ್ತಲರ ಕೃತ್ಯಗಳ 18ನೇ ಅಧ್ಯಾಯ ತಿಳಿಸುತ್ತದೆ. ಪೌಲ ಎಂದ ಕೂಡಲೇ ವೇದಿಕೆಯ ಮೇಲೆ ನಿಂತು ಬೋಧಿಸುವವನನ್ನು ನಾವು ಕಣ್ಣ ಮುಂದೆ ತಂದುಕೊಳ್ಳುತ್ತೇವೆ. ಆದರೆ ಅವನ ದಿನದ ಬಹುಪಾಲು ಹೊತ್ತು ಕತ್ತರಿಸುವುದರಲ್ಲಿ, ಹೊಲಿಯುವುದರಲ್ಲಿ, ಗಿರಾಕಿಗೆ ಹೇಳಿದ ದಿನಕ್ಕೆ ಕೆಲಸ ಮುಗಿಸಿಕೊಡುವುದರಲ್ಲಿ ಕಳೆದಿರಬೇಕು. ಯಾರಿಗೂ ಭಾರವಾಗದಂತೆ ಹಗಲಿರುಳು ದುಡಿದೆವು ಎಂದು ಅವನೇ ಬರೆದುಕೊಂಡಿದ್ದಾನೆ. ಅವನ ಬೋಧನೆಯನ್ನು ಕೇಳಿದವರಲ್ಲಿ ಕೆಲವರಾದರೂ ಮೊದಲು ಅವನ ಹೊಲಿಗೆಯನ್ನು ಕೈಯಲ್ಲಿ ಹಿಡಿದು ಎಳೆದು ನೋಡಿದವರಾಗಿರಬಹುದು. ಹೊಲಿಗೆ ಸಡಿಲವಾಗಿದ್ದರೆ ಬೋಧನೆಯನ್ನು ಕೇಳಲು ಅವರು ಕುಳಿತುಕೊಳ್ಳುತ್ತಿದ್ದರೇ?

ಇನ್ನು ಹಣದ ವಿಚಾರ. ಇದಕ್ಕೆ ನಾನು ಹೆಚ್ಚು ಸಮಯ ತೆಗೆದುಕೊಳ್ಳುತ್ತೇನೆ; ಏಕೆಂದರೆ ವಿಶ್ವಾಸಿಗಳ ಕುರಿತು ಹೊರಗಿನವರು ಮಾಡುವ ದೂರುಗಳಲ್ಲಿ ಅನೇಕವು ಇಲ್ಲಿಯೇ ಹುಟ್ಟುತ್ತವೆ, ನಮ್ಮ ಪ್ರಸಂಗಗಳು ಮಾತ್ರ ಇದನ್ನು ಮುಟ್ಟುವುದು ಕಾಣಿಕೆ ಮತ್ತು ದಶಮಾಂಶದ ದಿನಗಳಲ್ಲಿ. ಸತ್ಯವೇದದಲ್ಲಿ ಹಾಗಿಲ್ಲ. ನ್ಯಾಯವಾದ ತಕ್ಕಡಿ, ನ್ಯಾಯವಾದ ತೂಕದ ಕಲ್ಲು ನಿಮ್ಮಲ್ಲಿರಬೇಕು ಎಂಬ ಆಜ್ಞೆಯು ಯಾಜಕಕಾಂಡದ 19ನೇ ಅಧ್ಯಾಯದಲ್ಲಿ, ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಆಜ್ಞೆ ಇರುವ ಅಧ್ಯಾಯದಲ್ಲಿಯೇ ಇದೆ. ಕೂಲಿಯವನ ಕೂಲಿಯನ್ನು ಮರುದಿನದ ಬೆಳಗಿನವರೆಗೆ ಇಟ್ಟುಕೊಳ್ಳಬಾರದು ಎಂಬ ಮಾತೂ ಅಲ್ಲಿಯದೇ. ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿಯೇ ಕೂಗಿಕೊಳ್ಳುತ್ತದೆ, ಆ ಕೂಗು ದೇವರ ಕಿವಿಗೆ ಮುಟ್ಟಿದೆ ಎಂದು ಯಾಕೋಬನು ತನ್ನ ಪತ್ರದ 5ನೇ ಅಧ್ಯಾಯದಲ್ಲಿ ಬರೆಯುತ್ತಾನೆ.

ಇದನ್ನು ಇನ್ನಷ್ಟು ಹತ್ತಿರದಿಂದ ನೋಡೋಣ. ಕೆಲಸ ಮುಗಿಸಿದವನು ಸಂಜೆ ಬಾಗಿಲ ಬಳಿ ಬಂದು ನಿಂತಿದ್ದಾನೆ. ಒಳಗಿರುವವರು ಪ್ರಾರ್ಥನಾ ಕೂಟಕ್ಕೆ ಹೊರಡುವ ಗಡಿಬಿಡಿಯಲ್ಲಿದ್ದಾರೆ. ಚಿಲ್ಲರೆ ಇಲ್ಲ, ನಾಳೆ ಬಾ ಎನ್ನುತ್ತಾರೆ. ಆ ಮಾತಿನಲ್ಲಿ ದುರುದ್ದೇಶವೇನೂ ಇಲ್ಲ. ಮರುದಿನ ನಿಜವಾಗಿಯೂ ಕೊಡುವವರೇ. ಆದರೆ ಅವನ ಮನೆಯ ಅಡುಗೆ ಆ ಸಂಜೆಯ ಕೂಲಿಯನ್ನೇ ನಂಬಿಕೊಂಡಿರಬಹುದು. ಇವರ ದೇವರು ಎಂಥವನು ಎಂದು ಅವನಿಗೆ ತಿಳಿಯುವುದು ಆ ಬಾಗಿಲಲ್ಲಿ. ಕೂಟದಲ್ಲಿ ಆ ರಾತ್ರಿ ಎಷ್ಟು ಒಳ್ಳೆಯ ಬೋಧನೆಯಾದರೂ ಅದನ್ನು ಕೇಳಲು ಅವನು ಅಲ್ಲಿ ಇರುವುದಿಲ್ಲ.

ಯೇಸುವನ್ನು ನೋಡಲು ಅತ್ತಿಮರ ಹತ್ತಿದ ಸುಂಕದವನಾದ ಜಕ್ಕಾಯನ ಕಥೆಯನ್ನು ಭಾನುವಾರ ಶಾಲೆಯಲ್ಲಿಯೇ ಕಲಿತವರು ನಾವು. ಅತ್ತಿಮರವನ್ನು ನೆನಪಿಟ್ಟುಕೊಂಡು ಲೆಕ್ಕವನ್ನು ಮರೆತುಬಿಟ್ಟಿದ್ದೇವೆ. ಕರ್ತನು ಮನೆಗೆ ಬಂದ ಮೇಲೆ ಅವನು ಹೇಳಿದ್ದು ತನ್ನ ಆಂತರಿಕ ಅನುಭವದ ವಿಷಯವಲ್ಲ. ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುತ್ತೇನೆ, ಯಾರಿಂದಲಾದರೂ ಅನ್ಯಾಯವಾಗಿ ಕಿತ್ತುಕೊಂಡಿದ್ದರೆ ಅದಕ್ಕೆ ನಾಲ್ಕರಷ್ಟು ತಿರುಗಿ ಕೊಡುತ್ತೇನೆ ಎಂದನು. ಆ ಊರಿನಲ್ಲಿ ಸುಂಕದವರ ಕೈಯಲ್ಲಿ ಸಿಕ್ಕಿ ನರಳಿದವರು ಎಷ್ಟೋ ಮಂದಿ ಇದ್ದಿರಬೇಕು. ಜಕ್ಕಾಯನು ರಕ್ಷಣೆ ಹೊಂದಿದನೆಂಬ ಸುದ್ದಿ ಅವರಿಗೆ ಮುಟ್ಟಿದ್ದು, ತಮ್ಮ ಹಣ ನಾಲ್ಕರಷ್ಟಾಗಿ ಮನೆಗೆ ಬಂದಾಗ. ಈ ಮನೆಗೆ ಈಹೊತ್ತು ರಕ್ಷಣೆಯಾಯಿತು ಎಂದು ಕರ್ತನು ಹೇಳಿದ್ದೂ ಆ ಲೆಕ್ಕದ ಮಾತಿನ ನಂತರವೇ.

ಸಭೆಯ ಇತಿಹಾಸದಲ್ಲಿ ಈ ಪಾಠವನ್ನು ಅಕ್ಷರಶಃ ತೆಗೆದುಕೊಂಡವರಲ್ಲಿ 17ನೇ ಶತಮಾನದ ಇಂಗ್ಲೆಂಡಿನ ಕ್ವೇಕರರು ಎಂಬ ಕ್ರೈಸ್ತ ಪಂಥದವರೂ ಸೇರಿದ್ದಾರೆ. ನಿಮ್ಮ ಹೌದು ಹೌದಾಗಿರಲಿ, ಅಲ್ಲ ಅಲ್ಲವಾಗಿರಲಿ ಎಂಬ ವಚನಕ್ಕೆ ಅಂಟಿಕೊಂಡು ಅವರು ನ್ಯಾಯಾಲಯದಲ್ಲಿಯೂ ಆಣೆಯಿಡಲು ಒಪ್ಪದೆ ಸೆರೆಮನೆಗೆ ಹೋದರು. ಆಣೆಯ ಬದಲು ದೃಢ ಹೇಳಿಕೆ ಸಾಕೆಂಬ ಕಾನೂನು ಬಂದದ್ದು 1696ರಲ್ಲಿ. ಅದೇ ವಚನವನ್ನು ಅವರು ಅಂಗಡಿಗೂ ಒಯ್ದರು. ಮಾರುವವನು ಹೆಚ್ಚು ಹೇಳಿ ಕೊಳ್ಳುವವನು ಕಡಿಮೆಗೆ ಕೇಳಿ ಎಳೆದಾಡುವ ಚೌಕಾಸಿಯೇ ರೂಢಿಯಾಗಿದ್ದ ಕಾಲದಲ್ಲಿ, ಮನಸ್ಸಿನಲ್ಲಿಲ್ಲದ ಬೆಲೆಯನ್ನು ಬಾಯಲ್ಲಿ ಹೇಳುವುದೂ ಸುಳ್ಳೇ ಎಂದು ತೀರ್ಮಾನಿಸಿ, ಎಲ್ಲರಿಗೂ ಒಂದೇ ದರ ಎಂದು ನಿಗದಿ ಮಾಡಿದರು. ಮೊದಮೊದಲು ಗಿರಾಕಿಗಳು ಕೈಬಿಟ್ಟರು. ಕಾಲಕ್ರಮೇಣ, ಮಗುವನ್ನು ಕಳುಹಿಸಿದರೂ ಅಲ್ಲಿ ಮೋಸವಾಗುವುದಿಲ್ಲ ಎಂಬ ನಂಬಿಕೆ ಬೆಳೆದು, ಕ್ವೇಕರರ ಅಂಗಡಿ ಎಲ್ಲಿದೆ ಎಂದು ಜನ ವಿಚಾರಿಸಿಕೊಂಡು ಬರತೊಡಗಿದರು. ವ್ಯಾಪಾರ ಹೆಚ್ಚಾದದ್ದನ್ನು ನಾನು ಇಲ್ಲಿ ಮೆಚ್ಚುತ್ತಿಲ್ಲ. ಪ್ರಾಮಾಣಿಕತೆಯಿಂದ ನಷ್ಟವೇ ಆದ ಉದಾಹರಣೆಗಳೂ ಬೇಕಾದಷ್ಟಿವೆ. ನಾನು ಮೆಚ್ಚುವುದು, ಒಂದು ವಚನವು ದರಪಟ್ಟಿಯವರೆಗೆ ಇಳಿದು ಬಂದದ್ದನ್ನು.

ಆದರೆ ಅದೇ ಪಂಥದವರು ಅಮೆರಿಕದಲ್ಲಿ ನೆಲೆಸಿದ ಮೇಲೆ ಅವರಲ್ಲಿ ಅನೇಕರು ಗುಲಾಮರನ್ನು ಇಟ್ಟುಕೊಂಡಿದ್ದರು ಎಂಬುದನ್ನೂ ಹೇಳಬೇಕು. ಸುಳ್ಳು ದರ ಹೇಳಲು ಹೆದರುವ ಮನಸ್ಸಾಕ್ಷಿಯು ಮನುಷ್ಯನನ್ನೇ ಕೊಂಡುಕೊಳ್ಳುವಾಗ ಸುಮ್ಮನಿತ್ತು. ನ್ಯೂಜೆರ್ಸಿಯ ಜಾನ್ ವೂಲ್ಮನ್ ಎಂಬ ದರ್ಜಿ ಇದನ್ನು ಸಹಿಸದೆ ಹೋದರು. 1757ರಲ್ಲಿ ಅವರು ಮೇರಿಲ್ಯಾಂಡ್ ಮತ್ತು ವರ್ಜೀನಿಯದ ಸಹವಿಶ್ವಾಸಿಗಳ ಮನೆಗಳಲ್ಲಿ ತಂಗುತ್ತಾ ಪ್ರಯಾಣ ಮಾಡಿದರು. ಅತಿಥಿಯಾಗಿ ತಾನು ಪಡೆಯುವ ಊಟ, ಹಾಸಿಗೆ, ಕುದುರೆಯ ಆರೈಕೆ ಎಲ್ಲವೂ ಕೂಲಿಯಿಲ್ಲದ ಗುಲಾಮರ ದುಡಿಮೆ ಎಂಬುದು ಅವರನ್ನು ಕೊರೆಯುತ್ತಿತ್ತು. ಆದ್ದರಿಂದ ಅವರು ಸಣ್ಣ ಬೆಳ್ಳಿ ನಾಣ್ಯಗಳನ್ನು ಜೊತೆಯಲ್ಲಿಟ್ಟುಕೊಂಡಿದ್ದು, ಹೊರಡುವಾಗ ತಮಗೆ ಸೇವೆ ಮಾಡಿದ ಗುಲಾಮರಿಗೆ ತಾವೇ ಕೊಡುತ್ತಿದ್ದರು, ಇಲ್ಲವೇ ಅವರಿಗೆ ತಲುಪಿಸುವಂತೆ ಮನೆಯ ಯಜಮಾನನ ಕೈಗೆ ಕೊಡುತ್ತಿದ್ದರು. ಆತಿಥ್ಯಕ್ಕೆ ಹಣ ಕೊಡುವುದು ಯಜಮಾನನಿಗೆ ಎಷ್ಟು ಮುಜುಗರದ ಸಂಗತಿ ಎಂದು ಊಹಿಸಿಕೊಳ್ಳಿ. ಹಾಗೆ ಕೊಡುವುದು ತಮಗೂ ಸುಲಭವಾಗಿರಲಿಲ್ಲ ಎಂದು ವೂಲ್ಮನ್ ಹೇಳಿಕೊಂಡಿದ್ದಾರೆ. ಅವರು 1772ರಲ್ಲಿ ತೀರಿಕೊಂಡರು. ಗುಲಾಮರನ್ನು ಇಟ್ಟುಕೊಳ್ಳುವವರಿಗೆ ತಮ್ಮಲ್ಲಿ ಸ್ಥಾನವಿಲ್ಲ ಎಂದು ಫಿಲಡೆಲ್ಫಿಯದ ಕ್ವೇಕರ್ ವಾರ್ಷಿಕ ಸಭೆ ನಿರ್ಧರಿಸಿದ್ದು 1776ರಲ್ಲಿ.

ಮಾತಿನ ವಿಷಯವನ್ನು ಚಿಕ್ಕದಾಗಿ ಮುಗಿಸುತ್ತೇನೆ. ಎದುರಿಗಿಲ್ಲದವರ ಬಗ್ಗೆ ನಾವು ಹೇಗೆ ಮಾತನಾಡುತ್ತೇವೆ ಎಂಬುದನ್ನು ಎದುರಿಗಿರುವವರು ಬಹಳ ಸೂಕ್ಷ್ಮವಾಗಿ ಕೇಳಿಸಿಕೊಳ್ಳುತ್ತಾರೆ. ನಾಳೆ ತಮ್ಮ ಬಗ್ಗೆಯೂ ಹೀಗೆಯೇ ಮಾತನಾಡುತ್ತಾರೆ ಎಂದು ಅವರಿಗೆ ಗೊತ್ತಾಗುತ್ತದೆ. ನಿಜವೋ ಸುಳ್ಳೋ ನೋಡದೆ ಒಬ್ಬರಿಂದ ಬಂದ ಸಂದೇಶವನ್ನು ಮತ್ತೊಬ್ಬರಿಗೆ ಫಾರ್ವರ್ಡ್ ಮಾಡುವುದೂ ಸುಳ್ಳು ಸಾಕ್ಷಿಯೇ. ಅದು ನಮ್ಮ ಧರ್ಮದ ಪರವಾಗಿದೆ ಎಂಬ ಕಾರಣಕ್ಕೆ ಅದಕ್ಕೆ ವಿನಾಯಿತಿ ಇಲ್ಲ.

ಈಗ ಕರುಣೆಯ ವಿಷಯಕ್ಕೆ ಬರುತ್ತೇನೆ. ಸುಮಾರು 312ರಲ್ಲಿ, ಮೇಲಿನ ಈಜಿಪ್ಟಿನಲ್ಲಿ, ಕ್ರೈಸ್ತನಲ್ಲದ ಒಬ್ಬ ಯುವಕನನ್ನು ರೋಮ್ ಸೈನ್ಯಕ್ಕೆ ಬಲವಂತವಾಗಿ ಹಿಡಿದುಕೊಂಡು ಹೋದರು. ಹೀಗೆ ಸೆರೆಸಿಕ್ಕವರನ್ನು ಓಡಿಹೋಗದಂತೆ ರಾತ್ರಿ ಥೀಬ್ಸ್ ನಗರದಲ್ಲಿ ಕೂಡಿಹಾಕಿದರು. ಊರಿನ ಕೆಲವರು ಬಂದು ಆ ಕೈದಿಗಳಿಗೆ ಊಟ ಕೊಟ್ಟು ಉಪಚರಿಸಿದರು. ಪರಿಚಯವಿಲ್ಲ, ನಂಟಿಲ್ಲ, ಮರುದಿನ ಮುಂದಕ್ಕೆ ಸಾಗಿಸಲ್ಪಡುವವರಿಂದ ಪ್ರತಿಫಲದ ಆಸೆಯೂ ಇಲ್ಲ. ಇವರು ಯಾರು ಎಂದು ಯುವಕನು ಕೇಳಿದಾಗ, ಇವರು ಕ್ರೈಸ್ತರು, ಎಲ್ಲರಿಗೂ, ಅಪರಿಚಿತರಿಗೂ ಒಳಿತು ಮಾಡುವವರು ಎಂಬ ಉತ್ತರ ಬಂತು. ಬಿಡುಗಡೆಯಾದರೆ ಈ ದೇವರನ್ನು ಸೇವಿಸಿ, ಮನುಷ್ಯರಿಗೆ ಸೇವೆ ಮಾಡುತ್ತೇನೆ ಎಂದು ಆತ ಅಲ್ಲಿಯೇ ಪ್ರಾರ್ಥಿಸಿದನು. ಬಿಡುಗಡೆಯ ನಂತರ ದೀಕ್ಷಾಸ್ನಾನ ಹೊಂದಿದ ಆ ಯುವಕನೇ ಪಕೋಮಿಯಸ್. ಮುಂದೆ ನೈಲ್ ನದಿಯ ತೀರದ ತಬೆನ್ನೇಸಿಯಲ್ಲಿ ಒಟ್ಟಾಗಿ ಬಾಳುವ ಸನ್ಯಾಸಿಗಳ ಸಮುದಾಯವನ್ನು ಅವರು ಕಟ್ಟಿದರು. ಒಂದೇ ನಿಯಮದ ಅಡಿಯಲ್ಲಿ ನಡೆಯುವ ಕ್ರೈಸ್ತ ಮಠಗಳ ಪರಂಪರೆಗೆ ಅದೇ ಬುನಾದಿಯಾಯಿತು.

ಊಟ ತಂದವರ ಹೆಸರು ಯಾರಿಗೂ ಗೊತ್ತಿಲ್ಲ. ತಾವು ಊಟ ಬಡಿಸಿದ ಹುಡುಗ ಮುಂದೆ ಏನಾದ ಎಂಬುದು ಅವರಲ್ಲಿ ಬಹಳ ಮಂದಿಗೆ ತಿಳಿದಿರಲಿಕ್ಕೂ ಇಲ್ಲ. ಆ ರಾತ್ರಿ ಅಲ್ಲಿ ಬೋಧನೆ ನಡೆದ ಸುದ್ದಿ ಇಲ್ಲ. ಯುವಕನು ಕೇಳಿದ ಒಂದು ಪ್ರಶ್ನೆ, ಅದಕ್ಕೆ ಬಂದ ಒಂದು ಉತ್ತರ, ಅಷ್ಟೇ. ಆ ಉತ್ತರವನ್ನು ಕೊಟ್ಟವರೂ ಊಟ ತಂದವರೇ ಆಗಿರಬೇಕೆಂದಿಲ್ಲ. ಅವರು ಎಂಥವರೆಂದು ಊರಿಗೇ ಗೊತ್ತಿತ್ತು.

ಇಂಥ ಕರುಣೆಯು ವಿರೋಧಿಗಳ ಕಣ್ಣಿಗೂ ಬಿದ್ದಿತ್ತು. 3ನೇ ಶತಮಾನದ ನಡುವಿನಲ್ಲಿ ಮಹಾವ್ಯಾಧಿಯೊಂದು ರೋಮ್ ಸಾಮ್ರಾಜ್ಯವನ್ನು ಆವರಿಸಿದಾಗ, ಅಲೆಕ್ಸಾಂಡ್ರಿಯದ ವಿಶ್ವಾಸಿಗಳು ರೋಗಿಗಳನ್ನು ಬಿಟ್ಟು ಓಡದೆ ಆರೈಕೆ ಮಾಡಿ, ಅದೇ ರೋಗಕ್ಕೆ ತುತ್ತಾದುದನ್ನು ಅಲ್ಲಿನ ಬಿಷಪರಾದ ಡಯೊನೀಸಿಯಸ್ ವಿವರಿಸಿದ್ದಾರೆ. ಮುಂದಿನ ಶತಮಾನದಲ್ಲಿ, 361ರಿಂದ 363ರವರೆಗೆ ಆಳಿದ ಚಕ್ರವರ್ತಿ ಜೂಲಿಯನ್ ಕ್ರೈಸ್ತ ಧರ್ಮವನ್ನು ಬಿಟ್ಟು ಹಳೆಯ ದೇವತೆಗಳ ಆರಾಧನೆಯನ್ನು ಮತ್ತೆ ನೆಲೆಗೊಳಿಸಲು ಯತ್ನಿಸಿದವನು. ಗಲಾತ್ಯದ ಪ್ರಧಾನ ಅರ್ಚಕನಿಗೆ ಅವನ ಹೆಸರಿನಲ್ಲಿ ಬರೆದ ಪತ್ರವೊಂದು ಉಳಿದಿದೆ. ಈ ಗಲಿಲಾಯದವರು (ಅಂದರೆ ಕ್ರೈಸ್ತರು) ತಮ್ಮ ಬಡವರನ್ನಷ್ಟೇ ಅಲ್ಲದೆ ನಮ್ಮವರನ್ನೂ ಸಾಕುತ್ತಿದ್ದಾರೆ, ನಮ್ಮವರಿಗೆ ನಮ್ಮಿಂದಲೇ ನೆರವಿಲ್ಲದಿರುವುದು ನಾಚಿಕೆಗೇಡು ಎಂದು ಅದರಲ್ಲಿ ಗದರಿಕೆ ಇದೆ. ಹೊಗಳಬೇಕೆಂಬ ಆಸೆ ಎಳ್ಳಷ್ಟೂ ಇಲ್ಲದ ಕಡೆಯಿಂದ ಬಂದ ಪ್ರಮಾಣಪತ್ರ ಅದು.

ಇಲ್ಲಿ ಒಂದು ಕಠಿಣ ಪ್ರಶ್ನೆ ಏಳುತ್ತದೆ, ಏಳಬೇಕು ಕೂಡ. ಈ ಒಳ್ಳೆಯತನವೆಲ್ಲ ಗಾಳದ ತುದಿಯ ಹುಳವೇ? ಮತಕ್ಕೆ ಸೇರಿಸಿಕೊಳ್ಳಲು ಮಾಡುವ ಉಪಾಯವೇ? ಕೆಲವರ ಕೈಯಲ್ಲಿ ಅದು ಹಾಗಾಗಿದೆ ಎಂಬುದನ್ನು ಅಲ್ಲಗಳೆಯುವುದು ಪ್ರಾಮಾಣಿಕತೆಯಲ್ಲ. ಇದನ್ನು ಪರೀಕ್ಷಿಸುವ ವಿಧಾನ ಸರಳವಾಗಿದೆ. ನಾನು ಸಹಾಯ ಮಾಡುತ್ತಿರುವ ವ್ಯಕ್ತಿಯು, ನಿಮ್ಮ ವಿಶ್ವಾಸ ನನಗೆ ಎಂದಿಗೂ ಬೇಡ ಎಂದು ಸ್ಪಷ್ಟವಾಗಿ ಹೇಳಿಬಿಟ್ಟರೆ, ಮರುದಿನವೂ ನಾನು ಅವನ ಮನೆಗೆ ಹೋಗುತ್ತೇನೆಯೇ? ಹೋಗುವುದಿಲ್ಲವಾದರೆ ನಾನು ಇಲ್ಲಿಯವರೆಗೆ ಕೊಟ್ಟದ್ದು ಪ್ರೀತಿಯಲ್ಲ, ಮುಂಗಡ. ಕರ್ತನು ಹತ್ತು ಮಂದಿ ಕುಷ್ಠರೋಗಿಗಳನ್ನು ಗುಣಪಡಿಸಿದಾಗ ತಿರುಗಿ ಬಂದವನು ಒಬ್ಬನೇ. ಉಳಿದ ಒಂಬತ್ತು ಮಂದಿಯ ಗುಣವನ್ನು ಆತನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಇನ್ನೊಂದು ತಪ್ಪು ನಮಗೆ ಹೊಳೆಯುವುದೇ ಇಲ್ಲ. ಯಾವಾಗಲೂ ಕೊಡುವವರಾಗಿಯೇ ಇರಬೇಕು, ತೆಗೆದುಕೊಳ್ಳುವವರು ಅವರಾಗಿರಬೇಕು ಎಂದು ನಾವು ಬಯಸುತ್ತೇವೆ. ಫ್ರೆಂಚ್ ಸೈನ್ಯದ ಅಧಿಕಾರಿಯಾಗಿದ್ದು, ಆಮೇಲೆ ಗುರುದೀಕ್ಷೆ ಪಡೆದ ಶಾರ್ಲ್ ದ ಫೂಕೋ ಅವರು 1905ರಿಂದ ಸಹಾರ ಮರುಭೂಮಿಯ ತಮನ್‌ರಾಸೆಟ್‌ನಲ್ಲಿ, ತುವಾರೆಗ್ ಎಂಬ ಮುಸ್ಲಿಮ್ ಜನರ ನಡುವೆ ವಾಸವಾಗಿದ್ದರು. ಎಲ್ಲರಿಗೂ ಸಹೋದರನಾಗಿರಬೇಕೆಂಬುದು ಅವರ ಆಸೆ. 1908ರ ಆರಂಭದಲ್ಲಿ, ಭೀಕರ ಬರಗಾಲದ ನಡುವೆ, ತಮ್ಮಲ್ಲಿದ್ದ ಆಹಾರವನ್ನು ಹಂಚಿಬಿಟ್ಟಿದ್ದ ಅವರು ನಿತ್ರಾಣರಾಗಿ ಏಳಲಾರದೆ ಮಲಗಿದರು. ಆಗ ನೆರೆಯವರು ಸುತ್ತಲ ಕೆಲವು ಕಿಲೋಮೀಟರುಗಳಲ್ಲಿ ಸ್ವಲ್ಪವಾದರೂ ಹಾಲು ಕೊಡುವ ಮೇಕೆಗಳನ್ನೆಲ್ಲ ಹುಡುಕಿ, ತಮಗೇ ಸಾಲದ ಆ ಹಾಲನ್ನು ತಂದು ಕುಡಿಸಿ ಬದುಕಿಸಿದರು. ಕೊಡಲೆಂದು ಬಂದವರು ಪಡೆಯುವವರಾದರು. ಅವರ ಮತ್ತು ನೆರೆಯವರ ಸ್ನೇಹವು ನಿಜವಾಗಿ ಗಟ್ಟಿಯಾದದ್ದು ಆ ದಿನಗಳಿಂದ ಎಂದು ಅವರ ಜೀವನವನ್ನು ಬಲ್ಲವರು ಹೇಳುತ್ತಾರೆ. ನೆರೆಯವರಿಂದ ಒಂದು ಲೋಟ ನೀರನ್ನೂ, ಒಂದು ಬುದ್ಧಿಮಾತನ್ನೂ ಸ್ವೀಕರಿಸಲು ಸಿದ್ಧರಿಲ್ಲದವರು ಅವರನ್ನು ಪ್ರೀತಿಸುತ್ತೇವೆ ಎಂದರೆ ಅವರು ನಂಬಬೇಕಾದ ಅಗತ್ಯವಿಲ್ಲ.

ಹಾಗಾದರೆ ಬಾಯಿಬಿಟ್ಟು ಏನನ್ನೂ ಹೇಳಬಾರದೇ? ಸದಾ ಸುವಾರ್ತೆಯನ್ನು ಸಾರಿರಿ, ಅಗತ್ಯವಿದ್ದರೆ ಮಾತುಗಳನ್ನು ಬಳಸಿರಿ ಎಂಬ ಹೇಳಿಕೆಯನ್ನು ಅಸಿಸಿಯ ಫ್ರಾನ್ಸಿಸರ ಹೆಸರಿನಲ್ಲಿ ಹಂಚಲಾಗುತ್ತದೆ. ಅವರ ಬರಹಗಳಲ್ಲಿ ಆ ವಾಕ್ಯ ಎಲ್ಲಿಯೂ ಇಲ್ಲ. ಇರುವುದು ಅದಕ್ಕಿಂತ ಒಳ್ಳೆಯದು. 1219ರಲ್ಲಿ ಧರ್ಮಯುದ್ಧದ ನಡುವೆಯೇ ಈಜಿಪ್ಟಿನ ಸುಲ್ತಾನ ಅಲ್-ಕಾಮಿಲ್‌ನನ್ನು ಕಂಡು ಬಂದ ಫ್ರಾನ್ಸಿಸರು, ತಮ್ಮ ಸನ್ಯಾಸಿ ಸಂಘಕ್ಕೆ ಬರೆದ 1221ರ ನಿಯಮಾವಳಿಯಲ್ಲಿ, ಮುಸ್ಲಿಮರ ನಡುವೆ ಹೋಗುವ ಸಹೋದರರಿಗೆ ಎರಡು ದಾರಿಗಳನ್ನು ತೋರಿಸಿದರು. ವಾದ ವಿವಾದಗಳಿಗೆ ಇಳಿಯದೆ, ದೇವರ ನಿಮಿತ್ತ ಎಲ್ಲ ಮನುಷ್ಯರಿಗೂ ಅಧೀನರಾಗಿದ್ದು, ತಾವು ಕ್ರೈಸ್ತರೆಂದು ಒಪ್ಪಿಕೊಂಡು ಬಾಳುವುದು ಒಂದು. ದೇವರಿಗೆ ಮೆಚ್ಚಿಕೆಯೆಂದು ಕಂಡಾಗ ವಾಕ್ಯವನ್ನು ಸಾರುವುದು ಇನ್ನೊಂದು. ಮೊದಲ ದಾರಿಯಲ್ಲಿಯೂ ಕ್ರೈಸ್ತರೆಂದು ಒಪ್ಪಿಕೊಳ್ಳುವುದು ಸೇರಿದೆ ಎಂಬುದನ್ನು ಗಮನಿಸಿ. ಗುರುತನ್ನು ಮುಚ್ಚಿಡುವುದು ದೀನತೆಯಲ್ಲ. ಎಷ್ಟೋ ಸಲ ಅದು ಅಂಜಿಕೆ, ಇಲ್ಲವೇ ಈ ಹೆಸರಿಗೆ ತಕ್ಕಂತೆ ನಡೆಯಬೇಕಾದೀತೆಂಬ ಸೋಮಾರಿತನ.

ಪೇತ್ರನ ಮೊದಲನೆಯ ಪತ್ರದ 3ನೇ ಅಧ್ಯಾಯದ 15ನೇ ವಚನವು ಇದಕ್ಕೆ ಅಳತೆಗೋಲನ್ನು ಕೊಡುತ್ತದೆ. ನಿಮ್ಮಲ್ಲಿರುವ ನಿರೀಕ್ಷೆಗೆ ಕಾರಣವೇನೆಂದು ಕೇಳುವವರಿಗೆಲ್ಲ ಉತ್ತರ ಕೊಡಲು ಸಿದ್ಧರಾಗಿರಿ, ಆದರೆ ಅದನ್ನು ಸಾತ್ವಿಕತೆಯಿಂದಲೂ ಗೌರವದಿಂದಲೂ ಕೊಡಿರಿ. ಆ ವಚನದಲ್ಲಿ ಪ್ರಶ್ನೆ ಮೊದಲು, ಉತ್ತರ ಆಮೇಲೆ. ನಮ್ಮ ಸಭೆಗಳಲ್ಲಿ ಉತ್ತರ ಕೊಡುವ ತರಬೇತಿ ಚೆನ್ನಾಗಿ ನಡೆಯುತ್ತದೆ. ಯಾರಾದರೂ ಪ್ರಶ್ನೆ ಕೇಳುವಂಥ ಬದುಕು ನಮ್ಮಲ್ಲಿದೆಯೇ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ನಾಲ್ಕು ಮಾತಿನಲ್ಲಿ ಹೇಳಿ ನಿಲ್ಲಿಸಬೇಕು. ಒಂದು ಸಣ್ಣ ಪ್ರಶ್ನೆಗೆ ಆದಿಕಾಂಡದಿಂದ ಪ್ರಕಟನೆಯವರೆಗೆ ಉತ್ತರ ಕೊಟ್ಟರೆ ಅವರು ಇನ್ನೊಮ್ಮೆ ನಮ್ಮನ್ನು ಏನನ್ನೂ ಕೇಳುವುದಿಲ್ಲ.

ಕೊನೆಯದಾಗಿ, ನಾವು ತಪ್ಪಿದಾಗ ಏನು ಮಾಡಬೇಕು ಎಂಬ ವಿಷಯ. ಯಾವ ವಿಶ್ವಾಸಿಯೂ ದಿನವಿಡೀ ಒಳ್ಳೆಯವನಾಗಿ ಉಳಿಯುವುದಿಲ್ಲ, ಅದನ್ನು ನಮ್ಮ ಮನೆಯವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಯಜ್ಞವೇದಿಯ ಮುಂದೆ ಕಾಣಿಕೆಯನ್ನು ತಂದವನಿಗೆ, ಸಹೋದರನ ಮನಸ್ಸಿನಲ್ಲಿ ತನ್ನ ಮೇಲೆ ಏನೋ ಇದೆಯೆಂದು ನೆನಪಾದರೆ ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ಒಂದಾಗಬೇಕೆಂದು ಕರ್ತನು ಹೇಳಿದನು. ದೇವರಲ್ಲಿ ಕ್ಷಮೆ ಕೇಳಿಕೊಂಡಾಯಿತು ಎಂದು ಸಮಾಧಾನ ಮಾಡಿಕೊಳ್ಳುವ ನಮ್ಮ ಅಭ್ಯಾಸಕ್ಕೆ ಆ ಮಾತು ನೇರವಾಗಿ ಅಡ್ಡ ಬರುತ್ತದೆ. ಕೈಕೆಳಗಿನವನನ್ನು ಎಲ್ಲರ ಮುಂದೆ ಅವಮಾನಿಸಿದ ಮೇಲಧಿಕಾರಿಯು, ಆಮೇಲೆ ಅವನನ್ನು ಕೋಣೆಗೆ ಕರೆದು ಮೆಲ್ಲಗೆ, ನಿನಗೆ ಬೇಸರವಾಗಿದ್ದರೆ ಕ್ಷಮಿಸು ಎಂದರೆ ಅದು ಅರ್ಧ ಕ್ಷಮೆಯೂ ಅಲ್ಲ. ಅವಮಾನ ಎಲ್ಲರ ಮುಂದೆ ಆಗಿದ್ದರೆ ಕ್ಷಮಾಪಣೆಯೂ ಎಲ್ಲರ ಮುಂದೆ ಆಗಬೇಕು. ಆಗಿದ್ದರೆ ಎಂಬ ಮಾತು ಅದರಲ್ಲಿ ಇರಬಾರದು. ಹೆತ್ತವರು ಮಕ್ಕಳ ಹತ್ತಿರ ಹೀಗೆ ಕೇಳುವುದು ಇನ್ನೂ ಕಷ್ಟ. ಆದರೆ ಕೃಪೆ ಎಂದರೆ ಏನೆಂದು ಮಕ್ಕಳು ಕಲಿಯುವುದು ಕಂಠಪಾಠ ಮಾಡಿದ ವಚನದಿಂದಲ್ಲ. ಕ್ಷಮೆ ಕೇಳಲು ತಂದೆಗೆ ನಾಚಿಕೆಯಿಲ್ಲ, ಕ್ಷಮಿಸಲು ತಾಯಿ ಲೆಕ್ಕವಿಡುವುದಿಲ್ಲ ಎಂಬುದನ್ನು ಮನೆಯಲ್ಲಿ ನೋಡುತ್ತಾ ಬೆಳೆಯುವುದರಿಂದ.

ಉಪನ್ಯಾಸ ಮುಗಿದ ಮೇಲೆ ಸಭಿಕರೊಬ್ಬರು ಕೇಳಿದ ಪ್ರಶ್ನೆಯನ್ನು ಈ ಬರಹದಲ್ಲಿ ಸೇರಿಸುವುದು ಉಚಿತವೆನಿಸಿತು. ಎಷ್ಟೋ ವರ್ಷಗಳಿಂದ ನನ್ನ ಜೊತೆ ಕೆಲಸ ಮಾಡುವವರೊಂದಿಗೆ ಇದೇ ರೀತಿ ನಡೆದುಕೊಂಡು ಬಂದಿದ್ದೇನೆ, ಯಾರೊಬ್ಬರೂ ಕ್ರಿಸ್ತನ ಬಗ್ಗೆ ಒಂದು ಮಾತನ್ನೂ ಕೇಳಿಲ್ಲ, ಇದೆಲ್ಲ ವ್ಯರ್ಥವೇ ಎಂದು ಅವರು ಕೇಳಿದರು. ಫೂಕೋ ಅವರನ್ನೇ ಮತ್ತೆ ನೆನಪಿಸಿದೆ. 1916ರ ಡಿಸೆಂಬರ್ 1ರಂದು ಅವರು ಕೊಲೆಯಾದಾಗ ಅವರ ಜೊತೆ ಒಬ್ಬ ಸಹಸನ್ಯಾಸಿಯೂ ಇರಲಿಲ್ಲ. ತುವಾರೆಗರು ಮುಸ್ಲಿಮರಾಗಿಯೇ ಉಳಿದರು. ಫೂಕೋ ಬಿಟ್ಟುಹೋದದ್ದು ಬಹುಪಾಲು ತುವಾರೆಗ್ ಭಾಷೆಯ ನಿಘಂಟು, ಕವಿತೆಗಳ ಸಂಗ್ರಹ ಮತ್ತು ನೆರೆಯವರ ನೆನಪು. ಅವರ ಮಾದರಿಯನ್ನು ಅನುಸರಿಸಿ ಯೇಸುವಿನ ಕಿರಿಯ ಸಹೋದರರ ಸಂಘ 1933ರಲ್ಲಿ, ಕಿರಿಯ ಸಹೋದರಿಯರ ಸಂಘ 1939ರಲ್ಲಿ ಆರಂಭವಾದವು. ಕಾರ್ಖಾನೆಗಳಲ್ಲಿ, ಬಡವರ ವಸತಿಗಳಲ್ಲಿ ಎಲ್ಲರಂತೆ ದುಡಿದು ಬಾಳುವುದು ಅವರ ಕ್ರಮ. 2022ರಲ್ಲಿ ಕಥೋಲಿಕ ಸಭೆ ಫೂಕೋ ಅವರನ್ನು ಸಂತರೆಂದು ಘೋಷಿಸಿತು. ಫಲ ಯಾವತ್ತಾದರೂ ಬಂದೇ ಬರುತ್ತದೆ ಎಂದು ತೋರಿಸಲು ನಾನು ಇದನ್ನು ಹೇಳುತ್ತಿಲ್ಲ. ಇವು ಯಾವುವೂ ಅವರಿಗೆ ಗೊತ್ತಿರಲಿಲ್ಲ, ಗೊತ್ತಿಲ್ಲದೆಯೇ ಅವರು ಅಲ್ಲಿ ಇದ್ದರು.

ಆಮೇಲೆ ಆ ಸಭಿಕರಿಗೆ ನಾನು ಒಂದು ಮರುಪ್ರಶ್ನೆ ಹಾಕಿದೆ: ಆ ಜೊತೆಗಾರರಿಗೆ ಕಷ್ಟ ಬಂದಾಗ ಮೊದಲು ಹೇಳಿಕೊಳ್ಳುವುದು ಯಾರ ಹತ್ತಿರ? ಅವರು ಸ್ವಲ್ಪ ಯೋಚಿಸಿ, ಸಾಮಾನ್ಯವಾಗಿ ನನ್ನ ಹತ್ತಿರವೇ ಎಂದರು.